ಶೇಂಗಾ ಹಿಂಡಿಯ ಪಕ್ಕದಲ್ಲೊಂದು ಸಮುದ್ರ

ನಮ್ಮ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಮೂರು ಗಾಜಿನ ಭರಣಿಗಳಿವೆ. ಒಂದರಲ್ಲಿ ಶೇಂಗಾ ಹಿಂಡಿ, ಒಂದರಲ್ಲಿ ಮಾವಿನ ಉಪ್ಪಿನಕಾಯಿ. ಮೂರನೆಯದರಲ್ಲಿ ಸಮುದ್ರ.

ನಗಬೇಡಿ ಮಕ್ಕಳೇ. ಬ್ಯಾಸಗಿ ಸೂಟಿಗೆ ಇಳಕಲ್ಲಿನಿಂದ ಬಂದ ನನ್ನ ಮೊಮ್ಮಗಳೂ ಮೊದಲು ನಕ್ಕಿದ್ದಳು. ನಕ್ಕು, ಭರಣಿ ಎತ್ತಿ, "ಅಜ್ಜಾ, ಇದು ಹೊಲಸ ನೀರೈತಿ, ಚೆಲ್ಲಲೇನು?" ಎಂದಳು. ನನ್ನ ಎದೆ ಧಸಕ್ ಎಂದಿತು. "ತಡಿ ತಂಗಿ, ಕೆಳಗಿಡು. ಅದರಾಗ ಸಾವಿರಗಟ್ಟಲೆ ಮಂದಿ ಅದಾರ" ಎಂದೆ. ಆಕೆ ಭರಣಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅಜ್ಜನಿಗೆ ಬಿಸಿಲು ಬಡಿದಿದೆ ಎಂದುಕೊಂಡಿರಬೇಕು.

ಅವತ್ತು ರಾತ್ರಿ ಕರೆಂಟು ಹೋಯಿತು. ಒಳ್ಳೆಯದೇ ಆಯಿತು. ಭರಣಿಯ ಒಂದು ಮಗ್ಗುಲಿಗೆ ಬ್ಯಾಟರಿ ಹಿಡಿದು ಇಬ್ಬರೂ ಸುಮ್ಮನೆ ಕೂತೆವು. ಮೊದಲು ಕಂಡದ್ದು ಬರೀ ತಿಳಿ ಹಸಿರು ನೀರು. ಆಮೇಲೆ ಬೆಳಕು ಬಿದ್ದ ಜಾಗಕ್ಕೆ ಒಂದು ಬಿಳಿ ಚುಕ್ಕೆ ಬಂತು. ಇನ್ನೊಂದು ಬಂತು. ಐದು ನಿಮಿಷದಲ್ಲಿ ಅಲ್ಲಿ ಹಿಡಿ ರವೆ ಚೆಲ್ಲಿದ ಹಾಗೆ ಆಯಿತು. ಆದರೆ ರವೆ ನೀರಿನಲ್ಲಿ ಸುಮ್ಮನೆ ಮುಳುಗುತ್ತದೆ. ಇವು ಒಂದು ಜಿಗಿತ ಜಿಗಿದು ನಿಲ್ಲುತ್ತವೆ, ಮತ್ತೆ ಒಂದು ಜಿಗಿತ, ಮತ್ತೆ ನಿಲುಗಡೆ. ಅಂಗಳದಲ್ಲಿ ಕುಂಟಾಟ ಆಡುವ ಹುಡುಗಿಯರ ಹಾಗೆ.

"ಅಜ್ಜಾ, ಇವಕ್ಕ ಜೀವ ಐತಿ!"

ಇದೆ. ಇವುಗಳ ಹೆಸರು ಕೋಪೆಪಾಡ್.

ಎಷ್ಟು ದೊಡ್ಡವು ಎಂದು ತಿಳಿಯಬೇಕೆ? ಅವ್ವನ ಮಸಾಲೆ ಡಬ್ಬಿಯಿಂದ ಒಂದು ಗಸಗಸೆ ಕಾಳು ತೆಗೆದು ಅಂಗೈ ಮೇಲೆ ಇಟ್ಟುಕೊಳ್ಳಿ. ಅದರಷ್ಟು, ಇಲ್ಲವೇ ಅದಕ್ಕಿಂತ ತುಸು ಚಿಕ್ಕದು. ಒಂದು ಮಿಲಿಮೀಟರ್ ಎಂದುಕೊಳ್ಳಿ. ಈಗ ಆ ಗಸಗಸೆ ಕಾಳಿಗೆ ಒಂದು ಬಾಲ ಹಚ್ಚಿ, ತಲೆಯ ಎರಡೂ ಕಡೆ ಮೀಸೆ ಹಚ್ಚಿ, ಹಣೆಯ ನಡುವೆ ಒಂದೇ ಒಂದು ಕೆಂಪು ಕಣ್ಣು ಇಡಿ. ಆಯಿತು ನೋಡಿ, ಕೋಪೆಪಾಡ್. ನನ್ನ ಭೂತಗನ್ನಡಿಯಲ್ಲಿ ಇಷ್ಟೆಲ್ಲ ಕಂಡಾಗ ಮೊಮ್ಮಗಳು ಆ ಕನ್ನಡಿಯನ್ನು ರಾತ್ರಿ ಊಟದವರೆಗೂ ವಾಪಸ್ಸು ಕೊಡಲಿಲ್ಲ.

ಇದನ್ನು ಹುಳ ಎನ್ನಲು ನನಗೆ ಮನಸ್ಸಿಲ್ಲ. ಇದರ ಬಳಗ ಬೇರೆ. ಹೊಲದ ಕಾಲುವೆಯಲ್ಲಿ ಏಡಿ ನೋಡಿದ್ದೀರಲ್ಲ? ಸಂತೆಯಲ್ಲಿ ಒಣ ಸಿಗಡಿ ನೋಡಿದ್ದೀರಲ್ಲ? ಅವುಗಳ ದಾಯಾದಿ ಇದು. ಏಡಿಯ ಹಾಗೆ ಇದಕ್ಕೂ ಮೈ ಹೊರಗೆ ಗಟ್ಟಿ ಅಂಗಿ, ಒಳಗೆ ಮೆತ್ತಗಿನ ಜೀವ.

ಇನ್ನು ಆ ಜಿಗಿತದ ಗುಟ್ಟು. ಗ್ರೀಕ್ ಭಾಷೆಯಲ್ಲಿ ಕೋಪೆ ಎಂದರೆ ದೋಣಿಯ ಹುಟ್ಟು, ಪೋಡ್ ಎಂದರೆ ಕಾಲು. ಹುಟ್ಟಿನಂಥ ಕಾಲಿನವ ಎಂದು ಹೆಸರು. ಹರಿಗೋಲಿನಲ್ಲಿ ಕೂತು ಹೊಳೆ ದಾಟಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ, ಅಂಬಿಗ ಹುಟ್ಟು ಹಾಕಿದಾಗೆಲ್ಲ ಹರಿಗೋಲು ಒಂದು ನೂಕು ಮುಂದೆ ಹೋಗುತ್ತಿತ್ತು. ಇದೂ ಹಾಗೆಯೇ. ಹೊಟ್ಟೆಯ ಕೆಳಗೆ ಜೋಡಿ ಜೋಡಿಯಾಗಿ ಕಾಲುಗಳಿವೆ. ಒಂದೊಂದು ಜೋಡಿಯ ನಡುವೆ ಒಂದು ಪುಟ್ಟ ಪಟ್ಟಿ. ನೊಗಕ್ಕೆ ಕಟ್ಟಿದ ಎತ್ತುಗಳು ಒಟ್ಟಿಗೇ ಹೆಜ್ಜೆ ಇಡಬೇಕಲ್ಲ, ಹಾಗೆ ಎರಡೂ ಕಾಲು ಕೂಡಿಯೇ ಹಿಂದಕ್ಕೆ ಬೀಸುತ್ತವೆ.

ಅಷ್ಟು ಚಿಕ್ಕ ಮೈಗೆ ನೀರು ನಮಗನ್ನಿಸುವಂತೆ ತೆಳ್ಳಗೆ ಇರುವುದಿಲ್ಲ. ಮುಧೋಳದ ಕಡೆ ಗಾಣದ ಮನೆಯಲ್ಲಿ ಕೊಪ್ಪರಿಗೆಯ ಬೆಲ್ಲದ ಪಾಕ ನೋಡಿದ್ದರೆ ನೆನಪಿಸಿಕೊಳ್ಳಿ. ಅಂಥ ಅಂಟು ಪಾಕದಲ್ಲಿ ಈಜಲು ಬಿಟ್ಟರೆ ನಿಮಗೆ ಹೇಗೆ ಆಗುತ್ತದೋ, ಇದಕ್ಕೆ ನೀರು ಹಾಗೆ. ಆದರೂ ಮೀನಿನ ಬಾಯಿ ಹತ್ತಿರ ಬಂತೆಂದರೆ ಸಾಕು, ಸೆಕೆಂಡಿಗೆ ತನ್ನ ಮೈಯುದ್ದದ ನೂರಾರು ಪಟ್ಟು ದೂರ ಹೋಗುವ ವೇಗದಲ್ಲಿ ಚಿಮ್ಮುತ್ತದೆ. ಚಿಮ್ಮುವುದು ಒಂದು ಕ್ಷಣ ಮಾತ್ರ, ಆದರೆ ಜೀವ ಉಳಿಯಲು ಅಷ್ಟೇ ಬೇಕು.

ಈ ಬಳಗದವರನ್ನು ನೋಡಲು ಸಮುದ್ರವೇ ಬೇಕೆಂದೇನೂ ಇಲ್ಲ. ದನಗಳಿಗೆ ನೀರು ಕುಡಿಸುವ ಕಲ್ಲಿನ ಬಾನಿ, ಕೆರೆಯ ಅಂಚು, ಬಾದಾಮಿಯ ಅಗಸ್ತ್ಯತೀರ್ಥದಂಥ ಹೊಂಡ, ಇಂಥ ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಸಿಹಿನೀರಿನ ಕೋಪೆಪಾಡ್ ಇರುತ್ತದೆ. ಗ್ರೀಕರ ಕಥೆಯಲ್ಲಿ ಒಂಟಿಕಣ್ಣಿನ ರಾಕ್ಷಸನಿಗೆ ಸೈಕ್ಲಾಪ್ಸ್ ಎಂದು ಹೆಸರು. ರಾಕ್ಷಸನ ಹೆಸರನ್ನು ಗಸಗಸೆ ಕಾಳಿನಷ್ಟು ಪ್ರಾಣಿಗೆ ಇಟ್ಟವರು ಒಳ್ಳೆ ತಮಾಷೆಯ ಮನುಷ್ಯರೇ ಇರಬೇಕು. ನೋಡಬೇಕೆಂದರೆ ಮನೆಯ ದೊಡ್ಡವರನ್ನು ಕರೆದುಕೊಂಡು ಹೋಗಿ. ಹೊಂಡದ ಪಾವಟಿಗೆ ಪಾಚಿಗಟ್ಟಿರುತ್ತದೆ, ಒಬ್ಬರೇ ಇಳಿಯಬೇಡಿ. ಒಂದು ಗಾಜಿನ ಲೋಟದಷ್ಟು ನೀರು ಸಾಕು.

ಆ ನೀರನ್ನು ಕುಡಿಯಬೇಡಿ ಮಾತ್ರ. ಅದರ ಹಿಂದೆ ಒಂದು ದೊಡ್ಡ ಕಥೆಯಿದೆ.

ನಾರು ಹುಣ್ಣು ಎಂಬ ಮಾತನ್ನು ನೀವು ಕೇಳಿರಲಿಕ್ಕಿಲ್ಲ. ನಿಮ್ಮ ಮುತ್ತಜ್ಜಿ ಕೇಳಿರುತ್ತಾಳೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲೂ ಇದ್ದ ಕಾಯಿಲೆ ಅದು. ಕಾಲಿನಲ್ಲಿ ಹುಣ್ಣಾಗಿ, ಅದರಿಂದ ದಾರದಂಥ ಉದ್ದನೆಯ ಹುಳ ನಿಧಾನಕ್ಕೆ ಹೊರಬರುತ್ತಿತ್ತು. ಉದ್ದ ಎಂದರೆ ಎರಡು ಮೂರು ಅಡಿ. ಉರಿ ತಾಳಲಾರದೆ ಮನುಷ್ಯ ಪಾವಟಿಗೆ ಬಾವಿಯ ತಣ್ಣೀರಿಗೆ ಕಾಲಿಡುತ್ತಿದ್ದ. ಹುಳ ಕಾಯುತ್ತಿದ್ದದ್ದೇ ಅದಕ್ಕೆ. ನೀರು ತಾಗಿದ ಕೂಡಲೇ ಸಾವಿರಾರು ಮರಿಗಳನ್ನು ಬಿಡುತ್ತಿತ್ತು. ಆ ಮರಿಗಳನ್ನು ಸೈಕ್ಲಾಪ್ಸ್ ತಿನ್ನುತ್ತಿತ್ತು. ಆ ಸೈಕ್ಲಾಪ್ಸನ್ನು ನೀರಿನ ಜೊತೆ ಮತ್ತೊಬ್ಬರು ಕುಡಿಯುತ್ತಿದ್ದರು. ಒಂದು ವರ್ಷದ ಮೇಲೆ ಅವರ ಕಾಲಿನಲ್ಲಿ ಹುಣ್ಣು. ಈ ಸುತ್ತಿನಲ್ಲಿ ಸೈಕ್ಲಾಪ್ಸಿನ ಪಾತ್ರ ಏನೆಂದು ರಷ್ಯಾದ ಫೆಡ್ಚೆಂಕೊ ಎಂಬ ವಿಜ್ಞಾನಿ 1870ರಲ್ಲಿ ತೋರಿಸಿಕೊಟ್ಟರು.

ಔಷಧ ಇಲ್ಲ, ಲಸಿಕೆ ಇಲ್ಲ. ಹಾಗಾದರೆ ಇದನ್ನು ಓಡಿಸಿದ್ದು ಹೇಗೆ? ಬಟ್ಟೆಯಿಂದ! ಗಸಗಸೆಯಷ್ಟು ಪ್ರಾಣಿ ಒತ್ತಾಗಿ ನೇಯ್ದ ಬಟ್ಟೆಯನ್ನು ದಾಟಲಾರದು. ನೀರನ್ನು ಸೋಸಿ ಕುಡಿಯಿರಿ, ಹುಣ್ಣಿದ್ದವರು ಬಾವಿಗೆ ಇಳಿಯಬೇಡಿ ಎಂದು ಮನೆಮನೆಗೆ ಹೇಳಿದರು. ಪಾವಟಿಗೆ ಬಾವಿಗಳ ಬದಲು ಬೋರು, ಕೈಪಂಪು ಬಂದವು. ಇದಕ್ಕಾಗಿ ದೇಶದಲ್ಲಿ 1980ರ ದಶಕದ ಮೊದಲಲ್ಲಿ ಒಂದು ಕಾರ್ಯಕ್ರಮವೇ ಶುರುವಾಯಿತು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. ಭಾರತದಲ್ಲಿ ನಾರು ಹುಣ್ಣು ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2000ನೇ ಇಸವಿಯಲ್ಲಿ ಸಾರಿತು.

ಇದನ್ನು ಹೇಳುವಾಗೆಲ್ಲ ನನಗೆ ಬಾದಾಮಿಯ ನಾಲ್ಕನೆಯ ಗುಹೆ ನೆನಪಾಗುತ್ತದೆ. ಅದು ಜೈನರ ಗುಹೆ. ಅಲ್ಲಿ ನಿಂತರೆ ಕೆಳಗೆ ಅಗಸ್ತ್ಯತೀರ್ಥದ ನೀರು ಕಾಣುತ್ತದೆ. ಜೈನರು ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವವರು. ನೀರಿನಲ್ಲಿರುವ ಸಣ್ಣ ಜೀವಕ್ಕೆ ನಮ್ಮಿಂದ ನೋವಾಗಬಾರದು ಎಂಬುದು ಅವರ ಲೆಕ್ಕ. ಸಣ್ಣ ಜೀವವೂ ಬದುಕಿತು, ಸೋಸಿದವರ ಕಾಲೂ ಉಳಿಯಿತು.

ನನ್ನ ಭರಣಿಯವು ಉಪ್ಪುನೀರಿನವು, ಅಪೊಸೈಕ್ಲಾಪ್ಸ್ ಎಂಬ ಜಾತಿ. ಹೆಸರಿನಲ್ಲೇ ಗೊತ್ತಾಯಿತಲ್ಲ, ನಮ್ಮ ಬಾನಿಯ ಸೈಕ್ಲಾಪ್ಸಿಗೆ ಚಿಕ್ಕಪ್ಪನ ಮಕ್ಕಳಿದ್ದ ಹಾಗೆ. ಇವುಗಳಿಗೂ ನಾರು ಹುಣ್ಣಿಗೂ ಸಂಬಂಧವಿಲ್ಲ. ಸಮುದ್ರದಲ್ಲಿ ಕೋಪೆಪಾಡುಗಳ ಸಾವಿರಾರು ಜಾತಿಗಳಿವೆ. ಎಷ್ಟೋ ಜಾತಿಗಳು ಹಗಲು ಕತ್ತಲೆಯ ಆಳಕ್ಕೆ ಇಳಿದು, ರಾತ್ರಿ ಮೇಲಕ್ಕೆ ಬಂದು ಮೇಯುತ್ತವೆ. ಕೆಲವು ದಿನವೂ ನೂರಾರು ಮೀಟರು ಹತ್ತಿ ಇಳಿಯುತ್ತವೆ. ಅಂಗಳದ ಇರುವೆ ದಿನಾ ಬಾದಾಮಿಯ ಗುಡ್ಡ ಹತ್ತಿ ಇಳಿದ ಹಾಗೆ! ಇವನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣ ಮೀನನ್ನು ದೊಡ್ಡ ಮೀನು. ಅಟ್ಲಾಂಟಿಕ್ ಸಮುದ್ರದ ಒಂದು ಜಾತಿಯ ತಿಮಿಂಗಿಲವಂತೂ ಮಧ್ಯದವರನ್ನೆಲ್ಲ ಬಿಟ್ಟು ನೇರವಾಗಿ ಕೋಪೆಪಾಡುಗಳನ್ನೇ ಬಾಯ್ತುಂಬ ಸೋಸಿ ತಿನ್ನುತ್ತದೆ. ಆನೆಗಿಂತ ಎಷ್ಟೋ ದೊಡ್ಡ ಪ್ರಾಣಿ, ಗಸಗಸೆ ತಿಂದು ಬದುಕುತ್ತದೆ.

"ಅದೆಲ್ಲ ಸರಿ ಅಜ್ಜಾ, ಬಾಗಲಕೋಟಿಗೂ ಸಮುದ್ರಕ್ಕೂ ಏನ್ ಸಂಬಂಧ?" ಎಂದಳು ಮೊಮ್ಮಗಳು. ನ್ಯಾಯವಾದ ಪ್ರಶ್ನೆ. ಕಾರವಾರವೇ ಇರಲಿ, ಗೋವಾ ಇರಲಿ, ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರ. ಆದರೆ ನಮ್ಮ ಕಾಲ ಕೆಳಗಿನ ಕಲ್ಲನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಚಿಕ್ಕು, ದಾಳಿಂಬೆಗೆ ಹೆಸರಾದ ಕಲಾದಗಿ ಇದೆಯಲ್ಲ, ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯ ಕಲ್ಲುಗಳ ಬಗ್ಗೆ 1876ರಲ್ಲಿ ಬರೆದಾಗ ಅವಕ್ಕೆ ಆ ಊರಿನ ಹೆಸರನ್ನೇ ಇಟ್ಟ. ಅವುಗಳಲ್ಲಿನ ಸುಣ್ಣಕಲ್ಲುಗಳು ನೂರು ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತವು. ಆಗ ಮೀನೂ ಇರಲಿಲ್ಲ, ಕೋಪೆಪಾಡೂ ಇರಲಿಲ್ಲ. ಆದರೆ ಸಮುದ್ರ ಇತ್ತು. ನಾನು ಅದನ್ನು ಒಂದು ಭರಣಿಯಷ್ಟು ವಾಪಸ್ಸು ತಂದಿದ್ದೇನೆ, ಅಷ್ಟೇ.

ತಂದದ್ದು ಯಾಕೆಂದರೆ, ಒಂದು ಮೀನಿನ ಸಲುವಾಗಿ. ನಮ್ಮೂರಿನ ನವನಗರದಲ್ಲಿ ನನ್ನ ಗೆಳೆಯನ ಮನೆಯಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿಯಿದೆ. ಅದರಲ್ಲಿ ಒಂದು ಮ್ಯಾಂಡರಿನ್ ಮೀನು. ಬೆರಳುದ್ದದ ಪ್ರಾಣಿ, ಆದರೆ ಮೈಮೇಲಿನ ನೀಲಿ, ಕಿತ್ತಳೆ, ಹಸಿರು ಸುರುಳಿಗಳನ್ನು ನೋಡಿದರೆ ಗುಳೇದಗುಡ್ಡದ ನೇಕಾರರು ಖಣ ನೇಯುವಾಗ ಉಳಿದ ಬಣ್ಣಗಳನ್ನೆಲ್ಲ ಇದಕ್ಕೇ ಕೊಟ್ಟರೇನೋ ಅನಿಸುತ್ತದೆ. ಇದು ಊಟದ ವಿಷಯದಲ್ಲಿ ಬಲು ಹಟಮಾರಿ. ಒಣ ಆಹಾರ ಹಾಕಿದರೆ ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ. ಅಂಗಳದ ಕೋಳಿ ದಿನವಿಡೀ ಕೆದಕಿ ಕೆದಕಿ ಹೆಕ್ಕುವಂತೆ, ಕಲ್ಲಿನ ಸಂದಿಯಿಂದ ಜೀವಂತ ಕೋಪೆಪಾಡುಗಳನ್ನೇ ಹೆಕ್ಕಿ ತಿನ್ನಬೇಕು ಅದಕ್ಕೆ. ಬಣ್ಣಕ್ಕೆ ಮರುಳಾಗಿ ಇದನ್ನು ಕೊಂಡು ತರುವವರು ಬಹಳ. ಮೇವಿಲ್ಲದೆ ತೊಟ್ಟಿಯಲ್ಲೇ ಸೊರಗಿ ಸಾಯುವ ಮೀನುಗಳೂ ಬಹಳ. ಕೊಟ್ಟಿಗೆಯಲ್ಲಿ ಕಣಿಕೆ ಇಲ್ಲದೆ ಎಮ್ಮೆ ತರುವ ರೈತನನ್ನು ನೀವು ನೋಡಿದ್ದೀರಾ? ಮೊದಲು ಮೇವು, ಆಮೇಲೆ ಎಮ್ಮೆ. ಗೆಳೆಯನಿಗೆ ಹಾಗೆಂದು ಬೈದೆ. ಬೈದ ಮೇಲೆ ಮೇವು ಬೆಳೆಯುವ ಕೆಲಸ ನನ್ನ ಕೊರಳಿಗೇ ಬಿತ್ತು.

ಈ ಮೇವು ಮೀನಿನ ಮರಿಗಳಿಗಂತೂ ಇನ್ನೂ ಮುಖ್ಯ. ಸಮುದ್ರದ ಮೀನಿನ ಮರಿಯ ಬಾಯಿ ಸೂಜಿಯ ಕಣ್ಣಿಗಿಂತ ಚಿಕ್ಕದು. ಅದಕ್ಕೆ ಆಗತಾನೇ ಹುಟ್ಟಿದ ಕೋಪೆಪಾಡ್ ಮರಿಯೇ ತಕ್ಕ ತುತ್ತು. ಅದರ ಗಾತ್ರ ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪದಷ್ಟು! ಜೊತೆಗೆ ಮೀನಿನ ಕಣ್ಣಿಗೂ ಮಿದುಳಿಗೂ ಬೇಕಾದ ಒಳ್ಳೆಯ ಎಣ್ಣೆ ಅದರ ಮೈಯಲ್ಲಿರುತ್ತದೆ. ಅದಕ್ಕೇ ಸಮುದ್ರದ ಮೀನುಗಳ ಮೊಟ್ಟೆಯೊಡೆಸಿ ಮರಿ ಮಾಡುವ ವಿಜ್ಞಾನಿಗಳೂ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಕೋಪೆಪಾಡ್ ಬೆಳೆಸುತ್ತಾರೆ. ಸಮುದ್ರಕುದುರೆಗೂ ಇದು ಇಷ್ಟವೇ ಎಂದು ಮೊಮ್ಮಗಳು ಕೇಳಿದಳು. ಹೌದು, ಬಲು ಇಷ್ಟ. ಆದರೆ ಸಮುದ್ರಕುದುರೆಯನ್ನು ಹಿಡಿಯುವುದು, ಮಾರುವುದು ನಮ್ಮ ದೇಶದಲ್ಲಿ 2001ರಿಂದ ಕಾನೂನಿಗೆ ವಿರುದ್ಧ. ಅವು ಸಮುದ್ರದಲ್ಲೇ ಚೆನ್ನ.

ಈಗ ಸಮುದ್ರ ಮಾಡುವುದು ಹೇಗೆಂದು ಹೇಳುತ್ತೇನೆ, ಬನ್ನಿ.

ಮೊದಲು ನೀರು. ಹುನಗುಂದ, ಇಳಕಲ್ ಸೇರಿ ನಮ್ಮ ಕಡೆಯ ಬೋರಿನ ನೀರು ಬಹಳ ಗಡಸು. ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಹೆಕ್ಕಳೆ ಕಟ್ಟುತ್ತದಲ್ಲ, ಅದೇ ಗಡಸು. ಫ್ಲೋರೈಡ್ ಬೇರೆ. ಇಂಥ ನೀರಿನಲ್ಲಿ ಏನೇನು ಕರಗಿದೆಯೋ ಲೆಕ್ಕ ಸಿಗುವುದಿಲ್ಲ. ಅದಕ್ಕೇ ನಾನು ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ಫಿಲ್ಟರ್ ನೀರು ತರುತ್ತೇನೆ. ಅದರಲ್ಲಿ ಕರಗಿದ್ದು ಬಹಳ ಕಡಿಮೆ. ಬಿಳಿ ಹಾಳೆಯ ಮೇಲೆ ಬರೆದ ಹಾಗೆ, ಬೇಕಾದ್ದನ್ನು ನಾವೇ ಹಾಕಬಹುದು.

ಆಮೇಲೆ ಉಪ್ಪು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಹಾಗಾದರೆ ಅಡುಗೆ ಉಪ್ಪನ್ನೇ ತೂಗಿ ಹಾಕಿದರೆ ಆಯಿತಲ್ಲ? ಆಗುವುದಿಲ್ಲ. ಬರೀ ಖಾರಪುಡಿ ಹಾಕಿದರೆ ಮಸಾಲೆ ಆಗುತ್ತದೆಯೇ? ಧನಿಯಾ ಬೇಕು, ಜೀರಿಗೆ ಬೇಕು, ಲವಂಗ ಬೇಕು. ಸಮುದ್ರದ ಉಪ್ಪಿನಲ್ಲೂ ಹಾಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಬೆರೆತಿವೆ. ಮೀನಿನ ಅಂಗಡಿಯಲ್ಲಿ ಇದಕ್ಕೆಂದೇ ಸಮುದ್ರದ ಉಪ್ಪಿನ ಪುಡಿ ಸಿಗುತ್ತದೆ. ಸಿಹಿನೀರು ಒಂದು ಲೀಟರ್ ತೂಗಿದರೆ ಒಂದು ಕಿಲೋ. ಸಮುದ್ರದ ನೀರು ಅದಕ್ಕಿಂತ ಸುಮಾರು 25 ಗ್ರಾಂ ಹೆಚ್ಚು. ನಮ್ಮ ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನಾವಿಬ್ಬರೂ ಇದನ್ನು ತೂಗಿ ನೋಡಿದೆವು. ಅಂಗಡಿಯವರು ಗಿರಾಕಿಗಳನ್ನು ನಿಲ್ಲಿಸಿ ತಾವೂ ನೋಡಿದರು.

ನನ್ನ ಮೊದಲ ಭರಣಿ ಎರಡೇ ದಿನದಲ್ಲಿ ಸತ್ತಿತು. ಅದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಸಣ್ಣ ಬಾಟಲಿಯಲ್ಲಿ ಕೋಪೆಪಾಡ್ ತರಿಸಿದ್ದೆ. ಅವಕ್ಕೆ ಒಳ್ಳೆಯದಾಗಲಿ ಎಂದು ಉಪ್ಪುನೀರನ್ನು ರಾತ್ರಿಯೆಲ್ಲ ನಮ್ಮವ್ವನ ಕಾಲದ ತಾಮ್ರದ ಕೊಡದಲ್ಲಿ ಇಟ್ಟಿದ್ದೆ. ತಾಮ್ರದ ನೀರು ಆರೋಗ್ಯಕ್ಕೆ ಒಳ್ಳೆಯದು ಎಂದು ಚಿಕ್ಕಂದಿನಿಂದ ಕೇಳಿದ ಕಿವಿ ಇದು. ಮರುದಿನ ಭರಣಿಯ ತಳದಲ್ಲಿ ಬಿಳಿ ಪುಡಿ ಕೂತಿತ್ತು. ಒಂದೂ ಜಿಗಿಯಲಿಲ್ಲ. ಏಡಿ, ಸಿಗಡಿ, ಕೋಪೆಪಾಡುಗಳ ಈ ಬಳಗಕ್ಕೆ ತಾಮ್ರ ಚೂರು ಕರಗಿದರೂ ವಿಷ. ಉಪ್ಪು ಬೇರೆ ತಾಮ್ರವನ್ನು ಬೇಗ ಕರಗಿಸುತ್ತದೆ. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವನಿಗೆ ಇದು ಹೊಳೆಯಲಿಲ್ಲ ನೋಡಿ. ಈಗ ಗಾಜು, ಇಲ್ಲವೇ ಪ್ಲಾಸ್ಟಿಕ್. ತಾಮ್ರ, ಹಿತ್ತಾಳೆ ಆ ಕಟ್ಟೆಯ ಹತ್ತಿರವೂ ಸುಳಿಯುವುದಿಲ್ಲ.

ನೀರಾಯಿತು, ಇನ್ನು ಹುಲ್ಲು. ಎಮ್ಮೆಗೆ ಹುಲ್ಲಿನ ಹಾಗೆ ಕೋಪೆಪಾಡಿಗೆ ಹಸಿರು ನೀರು. ನಮ್ಮ ಕೂದಲಿನ ದಪ್ಪಕ್ಕಿಂತ ಎಷ್ಟೋ ಚಿಕ್ಕದಾದ ಒಂಟಿ ಕೋಶದ ಗಿಡಗಳು ಆ ನೀರಿನಲ್ಲಿ ತುಂಬಿರುತ್ತವೆ. ಬೇರಿಲ್ಲ, ಎಲೆಯಿಲ್ಲ, ಬರೀ ಒಂದು ಹಸಿರು ಗುಳಿಗೆ. ಟೆಟ್ರಾಸೆಲ್ಮಿಸ್ ಎಂಬುದು ನಾನು ಬೆಳೆಸುವ ತಳಿ. ನಾಲ್ಕು ಸಲ ಹೇಳಿದರೆ ನಾಲಿಗೆಗೆ ಕೂರುತ್ತದೆ. ಒಂದು ಲೀಟರಿನ ಬಾಟಲಿಯಲ್ಲಿ ಉಪ್ಪುನೀರು, ನಾಲ್ಕು ಹನಿ ಗೊಬ್ಬರದ ನೀರು, ಪಕ್ಕದಲ್ಲಿ ಒಂದು ಎಲ್‌ಇಡಿ ಬಲ್ಬು. ದಿನಕ್ಕೆ ಎರಡು ಸಲ ಬಾಟಲಿಯನ್ನು ಮೆಲ್ಲಗೆ ಅಲುಗಿಸಬೇಕು. ವಾರದಲ್ಲಿ ತಿಳಿ ನೀರು ಹಸಿರಾಗಿ, ಆಮೇಲೆ ಪಾಲಕ್ ಬೇಯಿಸಿದ ನೀರಿನಂತೆ ಗಾಢವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಉಪ್ಪಿನಕಾಯಿ ಭರಣಿಗೆ ಹಸಿ ಚಮಚ ಹಾಕಿದರೆ ಅಜ್ಜಿ ಏನು ಮಾಡುತ್ತಾಳೆ? ಹಾಗೆಯೇ ಕೋಪೆಪಾಡ್ ಭರಣಿಗೆ ಹಾಕಿದ ಚಮಚವನ್ನು ಹಸಿರು ಬಾಟಲಿಗೆ ಹಾಕಬಾರದು. ಒಂದೇ ಒಂದು ಬಸುರಿ ಕೋಪೆಪಾಡ್ ಒಳಗೆ ಹೊಕ್ಕರೆ ಕೆಲವೇ ವಾರಗಳಲ್ಲಿ ಬಾಟಲಿಯ ಹಸಿರೆಲ್ಲ ಖಾಲಿ. ಆಡು ಹೊಕ್ಕ ಹೊಲ.

ದಿನವೂ ಭರಣಿಗೆ ಇಷ್ಟೇ ಹಸಿರು ನೀರು ಹಾಕಬೇಕು, ನೀರು ತೆಳು ಹಸಿರಾಗಿ ಕಾಣುವಷ್ಟು. ಮರುದಿನ ತಿಳಿಯಾದರೆ ಅವು ಉಂಡಿವೆ ಎಂದರ್ಥ, ಮತ್ತೆ ಹಾಕಿ. ತಿಳಿಯಾಗದಿದ್ದರೆ ಸುಮ್ಮನಿರಿ. ಪ್ರೀತಿ ಹೆಚ್ಚಾಗಿ ಸುರಿದರೆ ಮೇವು ಕೊಳೆತು ನೀರು ನಾರುತ್ತದೆ. ಹಾಗಂತ ಉಪವಾಸ ಕೆಡವಿದರೂ ತಪ್ಪೇ. ಹಸಿದ ದೊಡ್ಡವು ಮರಿಗಳನ್ನೇ ತಿಂದುಬಿಡುತ್ತವೆ. ಒಂದು ಸಣ್ಣ ಗಾಳಿ ಪಂಪಿನ ಕೊಳವೆಯಿಂದ ಸೆಕೆಂಡಿಗೆ ಒಂದೆರಡು ಗುಳ್ಳೆ ಬಂದರೆ ಸಾಕು. ಅನ್ನ ಕುದಿಯುವ ಹಾಗೆ ಗುಳುಗುಳು ಬೇಡ, ಅವುಗಳ ಮೀಸೆ ಮುರಿದೀತು.

ನಮ್ಮ ಏಪ್ರಿಲ್ ನಿಮಗೆ ಗೊತ್ತೇ ಇದೆ. ಹೊರಗೆ 40 ಡಿಗ್ರಿ ದಾಟುತ್ತದೆ. ಅಪೊಸೈಕ್ಲಾಪ್ಸ್ ಸೆಕೆಗೆ ಗಟ್ಟಿ ಜಾತಿ, ಆದರೂ ಕುದಿಸಬಾರದಲ್ಲ. ಮಣ್ಣಿನ ಗಡಿಗೆಯ ನೀರು ಹೇಗೆ ತಣ್ಣಗಿರುತ್ತದೆ? ಹೊರಮೈಯಿಂದ ಸೋರಿದ ನೀರು ಆರಿ ಹೋಗುವಾಗ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ನಾನು ಭರಣಿಯನ್ನು ಮರಳು ತುಂಬಿದ ಅಗಲ ಗಡಿಗೆಯಲ್ಲಿಟ್ಟು, ಮರಳಿಗೆ ನೀರು ಚಿಮುಕಿಸಿ, ಸುತ್ತ ಹಸಿ ಗೋಣಿತಟ್ಟು ಸುತ್ತಿದೆ. ನಮ್ಮ ಒಣ ಗಾಳಿ ಎಲ್ಲದಕ್ಕೂ ಕೆಟ್ಟದ್ದಲ್ಲ ನೋಡಿ, ಇದಕ್ಕೆ ಅದೇ ಫ್ರಿಜ್ಜು.

ಭರಣಿಯ ನೀರೂ ಆರುತ್ತದೆ. ಇಲ್ಲೊಂದು ಪುಟ್ಟ ಒಗಟು. ನೀರಿನ ಮಟ್ಟಕ್ಕೆ ಹೊರಗಿನಿಂದ ಸ್ಕೆಚ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಮೂರು ದಿನಕ್ಕೆ ನೀರು ಗೆರೆಗಿಂತ ಬೆರಳಗಲ ಕೆಳಗಿಳಿದಿದೆ. ಈಗ ಏನು ಹಾಕುತ್ತೀರಿ, ಉಪ್ಪುನೀರೋ ಸಿಹಿನೀರೋ? ಮೊಮ್ಮಗಳು ತಟ್ಟನೆ ಉಪ್ಪುನೀರು ಎಂದಳು. ನಾನು ಏನೂ ಹೇಳದೆ, ಒಂದು ತಟ್ಟೆಯಲ್ಲಿ ನಾಲ್ಕು ಚಮಚ ಉಪ್ಪುನೀರು ಹಾಕಿ ಮಾಳಿಗೆಯ ಬಿಸಿಲಿಗೆ ಇಡಿಸಿದೆ. ಸಂಜೆಗೆ ತಟ್ಟೆಯಲ್ಲಿ ಬಿಳಿ ಹರಳು. ಆಕೆ ಬೆರಳಿಂದ ಉಜ್ಜಿ ನೋಡಿದಳು. "ನೀರಷ್ಟ ಹೋತು, ಉಪ್ಪು ಇಲ್ಲೇ ಕುಂತೈತಿ! ಹಂಗಾರ ಬರೇ ನೀರು ಹಾಕಬೇಕು ಅಜ್ಜಾ." ಗೆರೆಯ ತನಕ ಬರೀ ಫಿಲ್ಟರ್ ನೀರು, ಹನಿಹನಿಯಾಗಿ. ಅವತ್ತಿನಿಂದ ಗೆರೆ ಕಾಯುವ ಕೆಲಸ ಆಕೆಯದೇ.

ಹೆಣ್ಣು ಕೋಪೆಪಾಡನ್ನು ಗುರುತಿಸುವುದು ಸುಲಭ. ಸಂತೆಗೆ ಹೊರಟ ಕತ್ತೆಯ ಬೆನ್ನಿನ ಎರಡೂ ಕಡೆ ಜೋಳದ ಚೀಲ ತೂಗುತ್ತವಲ್ಲ, ಹಾಗೆ ಇದರ ಬಾಲದ ಎರಡೂ ಕಡೆ ಮೊಟ್ಟೆಯ ಚೀಲ. ಮೊಟ್ಟೆಯಿಂದ ಬರುವ ಮರಿ ತಾಯಿಯನ್ನು ಹೋಲುವುದೇ ಇಲ್ಲ. ಮೂರು ಜೊತೆ ಕಾಲಿರುವ ಒಂದು ಗುಂಡನೆಯ ಹನಿ, ನಡುವೆ ಆ ಒಂಟಿ ಕಣ್ಣು. ಬೆಳೆದಂತೆ ಅಂಗಿ ಬಿಗಿಯಾಗುತ್ತದೆ. ನಿಮಗಾದರೆ ಜೂನ್‌ನಲ್ಲಿ ಹೊಸ ಯೂನಿಫಾರ್ಮ್ ಹೊಲಿಸುತ್ತಾರೆ. ಅದು ಹಳೇ ಅಂಗಿ ಹರಿದು ಹೊರಬರುತ್ತದೆ, ಒಳಗೆ ಹೊಸದು ತಯಾರಿರುತ್ತದೆ. ಹೀಗೆ ಹನ್ನೊಂದು ಸಲ. ಹನ್ನೊಂದನೆಯ ಸಲ ಹೊಸ ಅಂಗಿ ತೊಟ್ಟ ಮೇಲೆ ಅದು ದೊಡ್ಡದಾಯಿತು, ಮುಂದೆ ಬದಲಿಸುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಇಷ್ಟೆಲ್ಲ ಮುಗಿಯುವುದು ವಾರ, ಹತ್ತು ದಿನದಲ್ಲಿ!

ಕೊಯ್ಲಿನ ಸಂಭ್ರಮ ಭಾನುವಾರ. ಬ್ಯಾಟರಿ ಬೆಳಕಿಗೆ ಅವು ಗುಂಪುಗೂಡಿದಾಗ ಸಣ್ಣ ಕೊಳವೆಯಿಂದ ಆ ಜಾಗದ ನೀರನ್ನು ಎಳೆದು, ನವಿರು ಜಾಳಿಗೆಯಲ್ಲಿ ಸೋಸುತ್ತೇವೆ. ಕಾಲು ಪಾಲು ಮಾತ್ರ. ಮುಕ್ಕಾಲು ಪಾಲು ಭರಣಿಯಲ್ಲೇ ಇರಬೇಕು. ಮೊಸರನ್ನೆಲ್ಲ ಉಂಡು ಮುಗಿಸಿದರೆ ನಾಳೆ ಹಾಲಿಗೆ ಹೆಪ್ಪು ಎಲ್ಲಿಂದ ತರುತ್ತೀರಿ? ಹೆಪ್ಪು ಕೆಟ್ಟರೂ ಇರಲಿ ಎಂದು ಎರಡನೆಯ ಭರಣಿಯೊಂದು ದೇವರ ಕೋಣೆಯ ಕಟ್ಟೆಯ ಮೇಲಿದೆ. ಅಜ್ಜಿಗೆ ಅದರ ಬಗ್ಗೆ ಸ್ವಲ್ಪ ತಕರಾರಿದೆ.

ಸೋಸಿದ್ದನ್ನು ಲೋಟದಲ್ಲಿ ಹಾಕಿಕೊಂಡು ನಾವಿಬ್ಬರೂ ನವನಗರಕ್ಕೆ ಹೋದೆವು. ಮೊಮ್ಮಗಳೇ ತೊಟ್ಟಿಗೆ ಬಗ್ಗಿಸಿದಳು. ಮ್ಯಾಂಡರಿನ್ ಮೀನು ಕಲ್ಲಿನ ಹಿಂದೆ ಇತ್ತು. ಅದರ ಕಣ್ಣುಗಳು ಒಂದೊಂದು ಒಂದೊಂದು ಕಡೆ ತಿರುಗಿದವು. ಒಂದು ಬಿಳಿ ಚುಕ್ಕೆ ಅದರ ಮೂತಿಯ ಮುಂದೆ ಜಿಗಿದು ನಿಂತಿತು. ಮೀನೂ ನಿಂತಿತು. ಅರೆಕ್ಷಣ ಇಬ್ಬರೂ ಕದಲಲಿಲ್ಲ. ಟಪಕ್! ಚುಕ್ಕೆ ಇಲ್ಲ. "ತಿಂತು!" ಎಂದು ಕೂಗಿದವಳು ಮರುಕ್ಷಣವೇ, "ಪಾಪ, ಅದು ನಮ್ಮ ಭರಣಿದು" ಎಂದು ಮುಖ ಚಿಕ್ಕದು ಮಾಡಿದಳು. ನಾನು ಏನೂ ಹೇಳಲಿಲ್ಲ. ಕೋಳಿ ಸಾಕಿದ ಮನೆಯ ಮಕ್ಕಳಿಗೆ ಇದು ಗೊತ್ತಿರುವುದೇ.

ಸೂಟಿ ಮುಗಿಯಿತು. ಇಳಕಲ್ಲಿಗೆ ಹೊರಟವಳ ಕೈಯಲ್ಲಿ ಒಂದು ಬಾಟಲಿ ಕೊಟ್ಟೆ. ಅರ್ಧ ಉಪ್ಪುನೀರು, ಅರ್ಧ ಗಾಳಿ, ಸುತ್ತ ಹಸಿ ಟವೆಲ್. ಇನ್ನೊಂದು ಪುಟ್ಟ ಬಾಟಲಿಯಲ್ಲಿ ಹಸಿರು ನೀರು, ಮೇಲೆ ಆಕೆಯೇ ದಪ್ಪ ಅಕ್ಷರದಲ್ಲಿ ಬರೆದ ಚೀಟಿ: ಇದರಾಗ ಚಮಚ ಹಾಕಬ್ಯಾಡ್ರಿ. ಬಸ್ಸಿನಲ್ಲಿ ಅದನ್ನು ತೊಡೆಯಿಂದ ಇಳಿಸಲೇ ಇಲ್ಲವಂತೆ.

ಎಂಟನೆಯ ದಿನ ಬೆಳಿಗ್ಗೆ ಆರಕ್ಕೇ ಫೋನು. ಹಲೋ ಇಲ್ಲ, ಚಹಾ ಆಯಿತೇ ಎಂಬ ವಿಚಾರಣೆ ಇಲ್ಲ.

"ಅಜ್ಜಾ, ಬಾಟಲ್ಯಾಗ ಒಂದು ಎರಡೂ ಕಡೆ ಚೀಲ ಹೇರಿಕೊಂಡು ಹೊಂಟೈತಿ!"